ಕೊನೆಯ ಸಾಲಿಗೆ ಕೇಳದ ಬಾಸ್

ಬೀಳಗಿ ತಾಲ್ಲೂಕಿನಲ್ಲಿ, ಅಣೆಕಟ್ಟಿನ ನೀರಿಗೆ ಮುಳುಗಿದ ಊರವರ ಪುನರ್ವಸತಿ ಕೇಂದ್ರವೊಂದರಲ್ಲಿ, ಹಿನ್ನೀರಿಗೆ ಬೆನ್ನು ಮಾಡಿ ನಿಂತ ಸಾಲುಮನೆಗಳಲ್ಲಿ ಒಂದು ಅನುರಾಧಾ ಅವರದು. ಹಗಲು ಅವರು ಊರಿನ ಹೆಂಗಸರ ಕುಪ್ಪಸ ಹೊಲಿಯುತ್ತಾರೆ. ಮದುವೆಯ ಕಾಲ ಬಂತೆಂದರೆ ಸಂಜೆ ಬಾಸ್ ಗಿಟಾರ್ ಹಿಡಿದು ವೇದಿಕೆ ಹತ್ತುತ್ತಾರೆ. ಜಮಖಂಡಿಯ ರಸಮಂಜರಿ ತಂಡವೊಂದರಲ್ಲಿ ಎಷ್ಟೋ ವರ್ಷದಿಂದ ಅವರದೇ ಬಾಸ್. ನೋಡುವವರಿಗೆ ವಾದ್ಯದ ಹೆಸರು ಗೊತ್ತಿರುವುದಿಲ್ಲ. ದಪ್ಪ ತಂತಿಯ ಗಿಟಾರ್ ಎಂದರೆ ಗುರುತು ಹಿಡಿಯುತ್ತಾರೆ.

ಅದನ್ನು ಕಲಿಯಬೇಕೆಂದು ಅವರು ಹೊರಟವರಲ್ಲ. ಗಂಡ ಪರಮೇಶ ಅದೇ ತಂಡದಲ್ಲಿ ರಿದಂ ಪ್ಯಾಡ್ ಬಾರಿಸುತ್ತಾರೆ. ಮೊದಲಿದ್ದ ಬಾಸ್ ವಾದಕನಿಗೆ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಾಗ ತಂಡದ ಗಿಟಾರ್ ಪರಮೇಶರ ಮನೆಯ ಗೂಟಕ್ಕೆ ಬಂದು ನೇತಾಡಿತು. ಗಂಡ ತಾಲೀಮು ಮಾಡುವಾಗ ಅನುರಾಧಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ತಂತಿ ಮೀಟಿದರು. ತವರೂರು ತೇರದಾಳದಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದವರಿಗೆ ಸ್ವರ ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಸದ್ದು. ಕರೆಂಟಿನ ಗಿಟಾರ್, ಬರೀ ಮೀಟಿದರೆ ಪಕ್ಕದಲ್ಲಿ ಕೂತವರಿಗೂ ಕೇಳದು.

ಮನೆಯಲ್ಲಿ ಸ್ಟೀರಿಯೊ ಇತ್ತು. ಹಳೆಯ ಊರು ಬಿಟ್ಟು ಇಲ್ಲಿಗೆ ಬಂದ ವರ್ಷ ಮಾವ ಮುದಕಪ್ಪ ಬಾಗಲಕೋಟೆಯಿಂದ ತಂದದ್ದು. ಒಂದು ಆಂಪ್ಲಿಫಯರ್, ಒಂದು ಟೇಪ್, ಮೊಣಕಾಲೆತ್ತರದ ಎರಡು ಮರದ ಸ್ಪೀಕರ್ ಡಬ್ಬಿ. ಮುದಕಪ್ಪ ಬೀರೇಶ್ವರನ ಡೊಳ್ಳಿನ ಮೇಳದ ಹಿರಿಯರು. ಅತ್ತೆ ಸಾತವ್ವ ದಿನಾ ಸಂಜೆ ಅದರಲ್ಲಿ ಡೊಳ್ಳಿನ ಹಾಡು ಹಚ್ಚುತ್ತಿದ್ದರು. ಸೊಸೆ ಅದರ ಬೆನ್ನಿಗೆ ಗಿಟಾರಿನ ವೈರು ಸಿಕ್ಕಿಸಿದ ದಿನ ಸಾತವ್ವ, "ಟೇಪು ನಿನ್ನ ಬಾಜಾಕ್ಕ ಕೊಟ್ರ ನನ್ನ ಬೀರಪ್ಪ ಎಲ್ಲಿ ಹಾಡ್ಬೇಕ?" ಎಂದು ಕೇಳಿದರು. ವೈರು ಕೀಳಿಸಲಿಲ್ಲ.

ಮನೆಯ ಸ್ಪೀಕರ್ ಬಾಸ್ ಗಿಟಾರಿಗೆ ಮಾಡಿದ್ದಲ್ಲ. ಒಳಗೆ ಅದುರಿ ಸದ್ದು ಮಾಡುವ ಕೋನ್ ಬರೀ ಕಾಗದ. ಜೋರಾಗಿ ಮೀಟಿದರೆ ಅದು ಹೊರಗೆ ಹಾರುವಂತೆ ಕುಣಿದು ಪಟಪಟ ಬಡಿದುಕೊಳ್ಳುತ್ತದೆ. ಪರಮೇಶ ದಪ್ಪ ದನಿ ಬರಲೆಂದು ಆಂಪ್ಲಿಫಯರಿನ ಬಾಸ್ ಗುಂಡಿಯನ್ನು ಪೂರ್ತಿ ತಿರುವುತ್ತಿದ್ದರು. ಅನುರಾಧಾ ಅದನ್ನು ಅರ್ಧಕ್ಕಿಂತ ಕೆಳಗಿಳಿಸಿದರು, ಬೆರಳನ್ನೂ ಹಗುರ ಮಾಡಿದರು. ಡಬ್ಬಿಗಳನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟರು. ದನಿ ಸಣ್ಣದೇ, ಆದರೆ ತುಂಬಿ ಬಂತು. ಕಟ್ಟೆಯ ಮೇಲೆ ಕೂತಿದ್ದ ಮುದಕಪ್ಪ ಒಳಗೆ ಬಂದು ಡಬ್ಬಿಯ ಮೇಲೆ ಅಂಗೈ ಇಟ್ಟು ನಿಂತರು. ಹಾಡು ಮುಗಿಯುವವರೆಗೂ ಕೈ ತೆಗೆಯಲಿಲ್ಲ. ಮರುದಿನ ಮೇಳದವರ ಮುಂದೆ, ಸೊಸೆಗೆ ಪೆಟ್ಟಿನ ಅಳತೆ ಗೊತ್ತು ಎಂದರಂತೆ. ಡೊಳ್ಳು ಬಾರಿಸುವವರು ಅಂಥ ಮಾತನ್ನು ಸುಮ್ಮನೆ ಆಡುವುದಿಲ್ಲ.

ಪರಮೇಶ ಹೆಂಡತಿಯನ್ನು ತಂಡಕ್ಕೆ ಕರೆದೊಯ್ದರು. ತಂಡದ ಯಜಮಾನ ಗೌರೀಶ. ಕೀಬೋರ್ಡ್ ಅವರದೇ. ಅವರಿಗೆ ಹೆಂಗಸು ನುಡಿಸುವ ಬಗ್ಗೆ ತಕರಾರಿರಲಿಲ್ಲ, ಬಾಸ್ ಬಗ್ಗೆಯೇ ಇತ್ತು. ಹಳ್ಳಿಯ ಮದುವೆಗಳಲ್ಲಿ ಬಾಡಿಗೆಗೆ ಬರುತ್ತಿದ್ದುದು ಭೋಂಗಾ, ಕಹಳೆಯಂಥ ಬಾಯಿಯ ಧ್ವನಿವರ್ಧಕ. ಅದರಲ್ಲಿ ಹಾಡುವವರ ದನಿ ಊರಾಚೆ ಹೋಗುತ್ತದೆ, ಬಾಸ್ ಬರುವುದೇ ಇಲ್ಲ. ಕೇಳದ ವಾದ್ಯಕ್ಕೆ ಗಾಡಿಯಲ್ಲಿ ಒಬ್ಬರ ಜಾಗ ಯಾಕೆ, ಕೀಬೋರ್ಡಿನಲ್ಲಿ ತನ್ನ ಎಡಗೈ ಸಾಕಲ್ಲ ಎಂಬುದು ಅವರ ಲೆಕ್ಕ. ಎರಡು ಕಾರ್ಯಕ್ರಮ ನೋಡಿ ಅದನ್ನೇ ಹೇಳಿದರು. ಅನುರಾಧಾ ಇನ್ನೊಂದು ಸಲ ಅವಕಾಶ ಕೇಳಿದರು, ಮನೆಯ ಸ್ಪೀಕರ್ ತರುತ್ತೇನೆಂದರು. ಗೌರೀಶ ಒಪ್ಪಿದರು. ತೇರದಾಳದ ಮದುವೆಯಲ್ಲಿ ಕೇಳಿಸಿದರೆ ಸರಿ, ಇಲ್ಲದಿದ್ದರೆ ಗಿಟಾರ್ ಅಲ್ಲಿಂದಲೇ ಜಮಖಂಡಿಗೆ ವಾಪಸ್.

2003ರ ಡಿಸೆಂಬರ್. ಸ್ಟೀರಿಯೊ ಒಂದೇ ಹೋಗುವುದು ಬೇಡವೆಂದು ಮುದಕಪ್ಪನೂ ಟೆಂಪೊ ಹತ್ತಿದರು. ಹಿನ್ನೀರು ಬಂದ ಮೇಲೆ ಈ ಭಾಗದ ಚಳಿಗೆ ತೇವ ಹೆಚ್ಚು. ಡೊಳ್ಳಿನ ತೊಗಲು ಸಡಿಲಾಗುತ್ತದೆ, ಬಾರಿಸುವ ಮುಂಚೆ ಬೆಂಕಿಗೆ ಕಾಸಬೇಕು. ತೆರೆದ ಟೆಂಪೊದಲ್ಲಿ ಬಂದ ಸ್ಪೀಕರುಗಳನ್ನು ಮುಟ್ಟಿ ನೋಡಿದ ಮುದಕಪ್ಪನಿಗೆ ಅವೂ ಹಸಿ ಹಿಡಿದಿವೆ ಅನಿಸಿತು. ಸೊಸೆ ವೇದಿಕೆಯ ಮೇಲೆ ತಂತಿ ಶ್ರುತಿ ಮಾಡುತ್ತಿದ್ದಾಗ ಅವರು ಎರಡೂ ಡಬ್ಬಿಗಳನ್ನು ಅಡುಗೆಯವರ ಒಲೆಯ ಪಕ್ಕಕ್ಕೆ ಒಯ್ದು, ಮುಖ ಬೆಂಕಿಯ ಕಡೆ ತಿರುಗಿಸಿ ಕೂತರು. ಸಮಯವಾದಾಗ ತಾವೇ ಹೊತ್ತು ತಂದಿಟ್ಟರು.

ಮೂರು ಹಾಡು ಸುಸೂತ್ರವಾಗಿ ಆದವು. ನಾಲ್ಕನೆಯದಕ್ಕೆ ಗೌರೀಶ ಕೀಬೋರ್ಡ್ ಬಿಟ್ಟಿಳಿದು ಪೆಂಡಾಲಿನ ಕೊನೆಯ ಸಾಲಿಗೆ ಹೋಗಿ ನಿಂತರು. ಹಾಡುತ್ತಿದ್ದವರು ಅವರ ಹೆಂಡತಿ ಸೌಂದರ್ಯಾ. ಹಾಡು ಮುಗಿದಾಗ ಗೌರೀಶ ವೇದಿಕೆ ಹತ್ತಿ ಬಂದು ಅನುರಾಧಾ ಪಕ್ಕದಲ್ಲಿ ಬಗ್ಗಿ ಹೇಳಿದರು:

"ವೈನಿ, ಹಿಂದ ಏನೂ ಕೇಳಂಗಿಲ್ರಿ. ಇವತ್ತಿಂದು ಮುಗಿಸ್ರಿ."

ಅನುರಾಧಾ ತಲೆಯಾಡಿಸಿದರು. ಮುಂದಿನದು ಕುಣಿತದ ಹಾಡು. ವರನ ಗೆಳೆಯರು ಎದ್ದಿದ್ದರು. ಮೊದಲ ಚರಣ ದಾಟುವಾಗ ಎಡಗಡೆಯ ಸ್ಪೀಕರ್ ಕರಕರ ಎಂದಿತು. ಬೆಂಕಿಯ ಕಾವಿಗೆ ಕೋನಿನ ನಡುವಿನ ಅಂಟು ಬಿಟ್ಟಿತ್ತು. ಆ ಸದ್ದು ಹಾಡನ್ನು ಕೆಡಿಸದಿರಲೆಂದು ಅನುರಾಧಾ ಆಂಪ್ಲಿಫಯರ್ ಆರಿಸಿಬಿಟ್ಟರು.

ಪೆಂಡಾಲಿನಲ್ಲಿ ಕೂತವರಿಗೆ ಏನೂ ಗೊತ್ತಾಗಲಿಲ್ಲ. ವೇದಿಕೆಯ ಮೇಲೆ ಗೊತ್ತಾಯಿತು. ಭೋಂಗಾಗಳ ಬಾಯಿ ಜನರ ಕಡೆ. ಅವುಗಳ ಹಿಂದೆ ನಿಂತವರಿಗೆ ಅಷ್ಟು ಹೊತ್ತು ಸ್ವರವನ್ನೂ ನಡೆಯನ್ನೂ ಹಿಡಿದುಕೊಟ್ಟದ್ದು ವೇದಿಕೆಯ ಹಲಗೆಯ ಮೇಲಿದ್ದ ಆ ಎರಡು ಡಬ್ಬಿಗಳೇ. ಸೌಂದರ್ಯಾ ಸಾಲಿನ ನಡುವೆಯೇ ಹಿಂತಿರುಗಿ ನೋಡಿದರು, ಮುಂದಿನ ಸ್ವರ ಏರಿಸಿ ಹಿಡಿದರು. ಪರಮೇಶರ ಪ್ಯಾಡ್ ಓಡತೊಡಗಿತು. ಗೌರೀಶ ಎಡಗೈಯಲ್ಲಿ ಬಾಸ್ ಒತ್ತಿದರು, ಅದು ಭೋಂಗಾದೊಳಗೆ ಹೋಗಿ ಎಲ್ಲೋ ಕಳೆದುಹೋಯಿತು. ಕುಣಿಯುತ್ತಿದ್ದವರ ಹೆಜ್ಜೆ ತಪ್ಪಿತು, ಒಬ್ಬಿಬ್ಬರು ನಿಂತರು.

"ಎಲ್ಲಿ ಹೋತ್ರಿ ಅದು?" ಗೌರೀಶ ಕೇಳಿದರು. "ಹೊಳ್ಳಿ ಹಚ್ರಿ, ವೈನಿ, ಲಗೂ ಹಚ್ರಿ."

ಅನುರಾಧಾ ಎಡಗಡೆಯ ವೈರು ಕಿತ್ತರು. ಉಳಿದ ಡಬ್ಬಿಯನ್ನು ಎತ್ತಿ ಸೌಂದರ್ಯಾ ಅವರ ಕಾಲ ಹಿಂದೆ ಹಲಗೆಗೆ ತಾಗಿಸಿಟ್ಟು, ಸದ್ದು ಇನ್ನೂ ತಗ್ಗಿಸಿ ಮೀಟಿದರು. ಹಲಗೆ ಅದನ್ನು ಹಿಡಿದುಕೊಂಡು ಎಲ್ಲರ ಅಂಗಾಲಿಗೆ ಮುಟ್ಟಿಸಿತು. ಪ್ಯಾಡ್ ನಿಧಾನಕ್ಕೆ ಬಂತು, ಸೌಂದರ್ಯಾ ಪಲ್ಲವಿಯನ್ನು ಸರಿಯಾದ ಜಾಗದಲ್ಲಿ ಎತ್ತಿಕೊಂಡರು. ಕುಣಿಯುವವರು ಮತ್ತೆ ಕುಣಿದರು. ಕಾರ್ಯಕ್ರಮ ಕೊನೆಯವರೆಗೂ ಒಂದೇ ಡಬ್ಬಿಯ ಮೇಲೆ ನಡೆಯಿತು.

ಮುಗಿದ ಮೇಲೆ ಮುದಕಪ್ಪ ಕೆಟ್ಟ ಸ್ಪೀಕರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ನಾ ಕಾಸಿದ್ದಕ್ಕ ಹಿಂಗಾತೇನ ಯವ್ವಾ?"

"ಹೌದ್ರಿ ಮಾವಾರ. ಡೊಳ್ಳಿಗೆ ತೊಗಲ ಇರ್ತೈತಿ, ಇದಕ್ಕ ಕಾಗದ." ಅನುರಾಧಾ ನಗುತ್ತಲೇ ಹೇಳಿದರು. "ಕೆಟ್ಟಿದ್ದಕ್ಕ ಅವರಿಗೆ ತಿಳೀತು ಬಿಡ್ರಿ."

ಗೌರೀಶ ತಂಡದ ಸಾಮಾನು ತಮ್ಮ ಗಾಡಿಗೆ ಹೇರಿಸುತ್ತಿದ್ದರು. ಗಿಟಾರಿನ ಸರದಿ ಬಂದಾಗ ಅದನ್ನು ಒಯ್ದು ಅನುರಾಧಾ ಕೂತಿದ್ದ ಟೆಂಪೊದಲ್ಲಿ ಇಟ್ಟರು. ಬನಹಟ್ಟಿಯಲ್ಲಿ ನಡೆಯುವ ಮುಂದಿನ ಕಾರ್ಯಕ್ರಮದ ದಿನವನ್ನು ತಿಳಿಸಿದರು.

ಸ್ಪೀಕರಿಗೆ ಬೀಳಗಿಯಲ್ಲಿ ಹೊಸ ಕೋನ್ ಕೂಡಿಸಿದರು. ಬನಹಟ್ಟಿಯಲ್ಲಿ ಮೈಕಿನವರು ಎಂದಿನಂತೆ ಕೀಬೋರ್ಡನ್ನು ವೇದಿಕೆಯ ನಡುವೆ ಇಡಲು ಹೋದಾಗ ಗೌರೀಶ ತಡೆದರು.

"ಮೊದಲ ವೈನಿಯವರ ಡಬ್ಬಿ ಇಡ್ರಿ. ಜಾಗಾ ಉಳದ್ರ ನಂದು."

ಮುದಕಪ್ಪ ಅವತ್ತು ಮುಂದಿನ ಸಾಲಿನ ಕುರ್ಚಿ ಬೇಡವೆಂದು ವೇದಿಕೆಯ ಹಲಗೆಯ ತುದಿಗೇ ಹೋಗಿ ಕೂತರು, ಎರಡೂ ಅಂಗೈ ಹಲಗೆಯ ಮೇಲೆ ಊರಿಕೊಂಡು.