ಹುಣಸೆಹಣ್ಣು ತಿಕ್ಕಿದ ಕಾಯಿಲುಗಳು

ಇದು ಹೀಗೆಯೇ ನಡೆಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನಡೆದ ದಿನ ಅಲ್ಲಿಯೇ ಇದ್ದೆ, ಆದರೂ ಹೇಳಲಾರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದರಿಂದ ನನಗೆ ಗಟ್ಟಿಯಾಗಿ ಅಂಟಿಕೊಂಡದ್ದು ಒಂದೇ, ಅನುಮಾನ. ಬೇರೆಯವರ ಮಾತನ್ನು ಅನುಮಾನಿಸಿ ಸಾಕಾಗಿ ಈಗೀಗ ನನ್ನ ನೆನಪನ್ನೇ ಅನುಮಾನಿಸತೊಡಗಿದ್ದೇನೆ. ನನ್ನ ಹೆಂಡತಿ ಇದನ್ನು ಏಳಿಗೆ ಎನ್ನುತ್ತಾಳೆ.

ಕಳೆದ ವಾರ ಸ್ನೇಹಿತನೊಬ್ಬನ ಕಾರಿನ ಜೊತೆ ಚಾಮರಾಜಪೇಟೆಯ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ಮೇಸ್ತ್ರಿ ಬಾನೆಟ್ ಎತ್ತಿದ, ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲು ಬಿಚ್ಚಿದ, "ಹೋಗಿದೆ ಸ್ವಾಮಿ" ಎಂದು ಮೂಲೆಯ ಬುಟ್ಟಿಗೆ ಎಸೆದು ಹೊಸದನ್ನು ಕೂರಿಸಿದ. ತರಿಸಿದ್ದ ಕಾಫಿ ಆರುವುದರೊಳಗೆ ಎಲ್ಲ ಮುಗಿಯಿತು. ಈಗಿನ ಕಾಯಿಲು ಒಂದು ಮುಚ್ಚಿದ ತಗಡಿನ ಡಬ್ಬಿ, ಇಡೀ ಎಂಜಿನ್ನಿಗೆ ಒಂದೇ. ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಆದರೆ ಆ ಬುಟ್ಟಿಯಿಂದ ಕಾದ ಟಾರಿನ ವಾಸನೆ ಬಂತು ನೋಡಿ, ನಾನು ಶಂಕರಪುರದಲ್ಲಿ ನನ್ನ ಸೋದರಮಾವನ ಮನೆಯ ಹಿತ್ತಲಲ್ಲಿದ್ದೆ.

ಮಾವ ವಕೀಲರು. ಯುದ್ಧ ಮುಗಿದ ಮೇಲೆ ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೊರಟ ಕಾಫಿ ತೋಟದ ದೊರೆಯೊಬ್ಬನಿಂದ ಒಂದು ಹಳೆಯ ಕಾರು ಕೊಂಡಿದ್ದರು. ಉದ್ದನೆಯ ಮೂತಿ, ಇಬ್ಬರಿಗಷ್ಟೇ ಜಾಗ, ಬಾಗಿಲೇ ಇಲ್ಲ. ಒಂದು ಕಾಲಕ್ಕೆ ಗುಡ್ಡ ಹತ್ತುವ ಪಂದ್ಯಗಳಲ್ಲಿ ಓಡಿದ ಗಾಡಿಯಂತೆ. ಅದು ಶುರುವಾದರೆ ಬೀದಿಯ ಹಸುಗಳು ಗವಿಪುರದ ಕಡೆಗೆ ಓಡುತ್ತಿದ್ದವು ಎಂದು ನನಗೆ ನೆನಪು. ಇಷ್ಟು ಕರಾರುವಾಕ್ಕಾದ ದಿಕ್ಕಿಗೆ ಹಸುಗಳು ಓಡುತ್ತವೆಯೇ ಎಂಬುದು ಬೇರೆ ಮಾತು.

ಕೊಂಡವರು ಮಾವನಾದರೂ ಕಾರು ಅತ್ತೆಯದಾಗಿಬಿಟ್ಟಿತ್ತು. ಮಾವನ ಕಣ್ಣಿಗೆ ಪೊರೆ ಬರತೊಡಗಿದಾಗ, ಸಂಜೆ ಬಯಲಿನಲ್ಲಿ, ಯಾರೂ ಇಲ್ಲದ ಕಡೆ, ಅವರು ಪಕ್ಕದಲ್ಲಿ ಕೂತು ಅತ್ತೆಗೆ ಓಡಿಸುವುದನ್ನು ಹೇಳಿಕೊಟ್ಟರು. ರಸ್ತೆಗೆ ಮಾತ್ರ ಅತ್ತೆ ಇಳಿದಿರಲಿಲ್ಲ. "ಇಳಿದೇ ಇಳೀತೀನಿ, ನೋಡ್ತಾ ಇರು" ಎಂದು ನನ್ನೊಡನೆ ಹೇಳುತ್ತಿದ್ದರು. ಬಯಲಿನಿಂದ ಹಿಂತಿರುಗಿದ ಸಂಜೆ ಅವರ ಮುಖ ನೋಡಿದ್ದರೆ ನಿಮಗೂ ನಂಬಿಕೆ ಬರುತ್ತಿತ್ತು.

ಆ ಕಾರಿಗೆ ನಾಲ್ಕು ಸಿಲಿಂಡರು, ಒಂದೊಂದಕ್ಕೂ ಒಂದೊಂದು ಕಾಯಿಲು. ಮಸಾಲೆ ಡಬ್ಬಿಯಷ್ಟು ದೊಡ್ಡ ಮರದ ಪೆಟ್ಟಿಗೆಗಳು; ಒಳಗೆ ಕೂದಲಿನಂಥ ತಂತಿಯ ಸುತ್ತು, ಸುತ್ತಲೂ ಟಾರು; ಮೇಲೆ ಗುಂಯ್ ಎಂದು ನಡುಗುವ ಒಂದು ಪಟ್ಟಿ, ಹಿತ್ತಾಳೆಯ ಬಿಲ್ಲೆಗಳು. ವರ್ಷಗಟ್ಟಲೆ ಕಿಡಿ ಹಾರಿ ಹಾರಿ ಅವುಗಳ ಮೊನೆ ಆಗಲೇ ಸವೆದಿತ್ತು. ಹೀಗಿರುವಾಗ ಆಯುಧಪೂಜೆ ಬಂತು. ಅತ್ತೆ ನಾಲ್ಕೂ ಪೆಟ್ಟಿಗೆಗಳನ್ನು ಎಳೆದು ತೆಗೆದು, ದೀಪದ ಕಂಬಗಳ ಜೊತೆ ಬಾವಿಕಟ್ಟೆಯ ಮೇಲೆ ಸಾಲಾಗಿಟ್ಟು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೊಡದಿಂದ ನೀರು ಸುರಿದು ತೊಳೆದರು. ಹಿತ್ತಾಳೆ ಬಂಗಾರವಾಯಿತು. ಪೂಜೆಯೂ ಚೆನ್ನಾಗಿಯೇ ಆಯಿತು. ಕಾರು ಮಾತ್ರ ಕೆಮ್ಮಲೂ ಇಲ್ಲ.

"ಹಿತ್ತಾಳೆ ಅಂದ್ಮೇಲೆ ಹುಣಸೆಹಣ್ಣು ಹಾಕದೆ ಬಿಡ್ತಾರೇನೋ?" ಎಂದು ಅತ್ತೆ ನನ್ನನ್ನೇ ಗದರಿದರು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಈಚೆಗೆ ಬರಲಿಲ್ಲ.

ಮನೆಗೆ ತರಕಾರಿ ಹಾಕುತ್ತಿದ್ದ ಮುನಿಸ್ವಾಮಪ್ಪ ಆ ಕಾರಿನ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದ. ಪೇಟೆಯಲ್ಲಿ ಅವನದೊಂದು ಮಂಡಿ. ಕಾರಿನ ಮೇಲ್ಭಾಗ ಕಿತ್ತು ಹಲಗೆ ಹೊಡೆದರೆ ಕೋಸು ಹೇರುವ ಲಾರಿಯಾಗುತ್ತದೆಂಬುದು ಅವನ ಲೆಕ್ಕ. "ನಿಂತ್ ಗಾಡಿ ತುಕ್ಕು ಹಿಡಿಯುತ್ತೆ ಬುದ್ಧಿ, ನಂಗೆ ಕೊಟ್ಬಿಡಿ" ಎಂದ. ಬೇಸರದಲ್ಲಿದ್ದ ಮಾವ ಮಾತು ಕೊಟ್ಟುಬಿಟ್ಟರು: ದೀಪಾವಳಿಯೊಳಗೆ ಕಾರು ತಾನಾಗಿ ಗೇಟು ದಾಟದಿದ್ದರೆ ಎತ್ತು ಕಟ್ಟಿ ಎಳೆದುಕೊಂಡು ಹೋಗು. ಮಾವ ಕೊಟ್ಟ ಮಾತು ತಪ್ಪುವವರಲ್ಲ. ಇನ್ನೊಂದು ಕಾರು ಕೊಳ್ಳುವವರೂ ಅಲ್ಲ. ಅಂದರೆ ಅತ್ತೆ ರಸ್ತೆಗಿಳಿಯುವುದು ಅಲ್ಲಿಗೆ ಮುಗಿಯಿತು.

ನನ್ನದು ಒಂದೇ ಹಟ, ಕಾಯಿಲು ಬದಲಾಯಿಸಬೇಕು. ಸವೆದದ್ದು ಸವೆಯಿತು, ನೆನೆದದ್ದು ನೆನೆಯಿತು, ರಿಪೇರಿ ಎಂಬುದು ಬರೀ ಭಾವುಕತೆ ಎಂದು ಪುಟ್ಟ ಉಪನ್ಯಾಸವನ್ನೇ ಕೊಟ್ಟೆ. ಬೊಂಬಾಯಿಗೆ ತಂತಿ ಹೋಯಿತು. ಸೀಮೆಯಿಂದ ಹಡಗಿನಲ್ಲಿ ಬರಬೇಕು, ಸಂಕ್ರಾಂತಿ ಕಳೆಯುತ್ತದೆ ಎಂದು ಉತ್ತರ ಬಂತು. ಮಾವ ಬದಲಿಗೆ ಕರೆಸಿದ್ದು ಹಾರ್ಮೋನಿಯಂ ರಿಪೇರಿಯ ನಂಜಪ್ಪನನ್ನು! ನಾಟಕದ ಕಂಪನಿಗಳ ಪೆಟ್ಟಿಗೆಗಳನ್ನೆಲ್ಲ ಸರಿ ಮಾಡುವ, ವಿಭೂತಿ ಹಚ್ಚಿದ, ಗಟ್ಟಿ ಗಂಟಲಿನ ಮನುಷ್ಯ.

ನಂಜಪ್ಪ ಒಂದು ಕಾಯಿಲನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ನಡುಗೋ ಪಟ್ಟಿ, ಹೊರಡೋ ನಾದ. ಇದು ನಮ್ದೇ ಜಾತಿ ವಾದ್ಯ ಸ್ವಾಮಿ" ಎಂದ.

"ಇದು ವಾದ್ಯ ಅಲ್ಲ, ವಿದ್ಯುತ್ತು" ಎಂದೆ.

"ಓದಿದೋರು ಹೆಸರು ಯಾವ್ದಾದ್ರೂ ಇಟ್ಕೊಳ್ಳಿ. ನಾಲ್ಕನ್ನೂ ಒಂದೇ ಶ್ರುತಿಗೆ ತರ್ತೀನಿ. ಬರ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಬಿಡಿ."

ಮೊದಲು ಒಳಗಿನ ತೇವ ಹೋಗಬೇಕಿತ್ತು. ಬಿಸಿಲಿಗೆ ಹೋಗುವಂಥದಲ್ಲ, ಒಲೆಯ ಹತ್ತಿರ ಇಟ್ಟರೆ ಟಾರು ಕರಗುತ್ತದೆ. ದಾರಿ ಹುಡುಕಿದವರು ಅತ್ತೆ. ತಲೆಗೆ ಎರೆದುಕೊಂಡ ಮೇಲೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯಲು ಕೆಂಡದ ಮೇಲೆ ಕವುಚುವ ಬಿದಿರಿನ ಬುಟ್ಟಿ ಇರುತ್ತದಲ್ಲ, ಅದರ ಮೇಲೆ ಕಾಯಿಲುಗಳನ್ನಿಟ್ಟು, ಬೂದಿ ಮುಚ್ಚಿದ ಕೆಂಡದ ಕಾವು ಕೊಟ್ಟರು. "ಬಾಣಂತಿ ಥರಾ ನೋಡ್ಕೋಬೇಕು" ಎಂದು ದಿನವಿಡೀ ಹೊರಳಿಸುತ್ತಿದ್ದರು. ಆ ವಾಸನೆಯೇ ಮೊನ್ನೆ ನನ್ನನ್ನು ಹಿಡಿದದ್ದು. ತಂತಿಯ ಸುತ್ತುಗಳ ನಡುವಿನ ಕಾಗದ ಸುಟ್ಟುಹೋಗುತ್ತದೆ ಎಂದು ನಾನು ಎಚ್ಚರಿಸಿದೆ. ಸುಡಲಿಲ್ಲ. ಒಣಗಿದ ಮೇಲೆ ನಂಜಪ್ಪ ಬಿರುಕುಗಳಿಗೆ ಜೇನುಮೇಣ ಕರಗಿಸಿ ಹೊಯ್ದ, ಮೊನೆಗಳನ್ನು ಸಣ್ಣ ಅರದಿಂದ ಉಜ್ಜಿದ, ಪಟ್ಟಿಗಳನ್ನು ಬಗ್ಗಿಸಿ ಬಗ್ಗಿಸಿ ಕೇಳಿದ. ಬ್ಯಾಟರಿಗೆ ತಗುಲಿಸಿದರೆ ನಾಲ್ಕೂ ಒಂದೇ ಸಮನೆ ಗುಂಯ್‌ಗುಟ್ಟಿದವು. ಅತ್ತೆ ಕೈಮುಗಿದರು.

ನಾನು ಸುಮ್ಮನಿರಲಿಲ್ಲ. ತಂತಿಯ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದು ಒಂದೊಂದಾಗಿ ನೋಡಿದೆ. ಮೂರು ಕಾಯಿಲು ಚಟ್ ಎಂದು ನೀಲಿ ಕಿಡಿ ಕೊಟ್ಟವು. ಎಲ್ಲಕ್ಕಿಂತ ಇಂಪಾಗಿದ್ದ ನಾಲ್ಕನೆಯದು ಕಿಡಿಯನ್ನೇ ಕೊಡಲಿಲ್ಲ.

"ಹಾಡ್ತಾ ಇದೆಯಲ್ಲ ಸ್ವಾಮಿ!" ಎಂದ ನಂಜಪ್ಪ.

"ಒಳಗಿನ ಸುತ್ತು ಸತ್ತಿದೆ. ಇದನ್ನ ಬದಲಾಯಿಸಲೇಬೇಕು" ಎಂದೆ. ಗೆದ್ದ ಖುಷಿಯಲ್ಲಿ ಅವನ ಮೀಸೆಯ ಕಡೆ ನೋಡಿದೆ. ಅವನು ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಶ್ರುತಿಗೆ ತರ್ತೀನಿ ಅಂದಿದ್ದೆ, ತಂದಿದೀನಿ. ಕಿಡಿ ಮಾತು ಆಡೇ ಇಲ್ಲ" ಎಂದ. ಎಲ್ಲರೂ ನಕ್ಕೆವು. ನಕ್ಕ ಮೇಲೆ ಎಲ್ಲರಿಗೂ ಒಟ್ಟಿಗೆ ನೆನಪಾಯಿತು, ಮರುದಿನವೇ ದೀಪಾವಳಿಯ ನೀರು ತುಂಬುವ ಹಬ್ಬ. ನಾನು ಹೇಳಿದ್ದು ಸರಿಯಾಗಿತ್ತು, ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿರಲಿಲ್ಲ.

ಆಗ ಅತ್ತೆ ಕೇಳಿದರು: "ಮೂರರಲ್ಲಿ ಓಡಲ್ವಾ?"

ಮಾವ ಮಬ್ಬುಗಣ್ಣುಗಳಿಂದ ಅವರ ಕಡೆ ತಿರುಗಿದರು. "ಕುಂಟುತ್ತೆ. ಆದ್ರೆ ಓಡುತ್ತೆ."

"ಹಾಗಾದ್ರೆ ಕುಂಟ್ಲಿ."

ಇಲ್ಲಿಂದ ಮುಂದೆ ನನ್ನ ನೆನಪು ಸಾಕ್ಷಿಗೆ ಯೋಗ್ಯವಲ್ಲ. ಎಂಜಿನ್ನಿನ ಹ್ಯಾಂಡಲ್ ತಿರುಗಿಸಿದವನು ನಾನು. ಅದು ಹಿಮ್ಮೆಟ್ಟಿ ಒದ್ದು ಮಣಿಕಟ್ಟು ಉಳುಕಿತು, ನೆಲಕ್ಕೆ ಕೂತೆ. ಹಿತ್ತಲೆಲ್ಲ ಹೊಗೆ. ಧಡ್, ಧಡ್, ಧಡ್, ನಡುವೆ ಒಂದು ಖಾಲಿ, ಮತ್ತೆ ಧಡ್. ಹೊಗೆಯ ಆಚೆ ಸ್ಟಿಯರಿಂಗ್ ಚಕ್ರದ ಹಿಂದೆ ಹಸಿರು ಸೀರೆಯೊಂದು ಕಂಡಂತಾಯಿತು. ನಾನು ಎದ್ದು ಗೇಟಿಗೆ ಬರುವಷ್ಟರಲ್ಲಿ ಕಾರು ತಿರುವು ದಾಟಿತ್ತು.

ನಮ್ಮ ಮನೆಗಳಲ್ಲಿ ಈಗ ಹೇಳುವ ಕಥೆಯಲ್ಲಿ ಆ ಸಂಜೆ ಪೇಟೆಯವರೆಗೆ ಕಾರು ಓಡಿಸಿದವರು ಮಾವ. ಸಂಕ್ರಾಂತಿಯಾದ ಮೇಲೆ ಹೊಸ ಕಾಯಿಲು ಬಂದು, ಮೂರು ಹಳೆಯವುಗಳ ಪಕ್ಕದಲ್ಲಿ ಕೂತು, ಕಾರು ಸರಿಹೋದ ನಂತರವಷ್ಟೇ ಅತ್ತೆ ರಸ್ತೆಗಿಳಿದರಂತೆ. ಆಮೇಲೆ ಅವರು ಎಷ್ಟೋ ವರ್ಷ ಓಡಿಸಿದ್ದು ಬಸವನಗುಡಿಗೆಲ್ಲ ಗೊತ್ತು. ಮಾವ ಈ ಮಾತೆತ್ತಿದರೆ ನಗುತ್ತಾರೆ. ಅತ್ತೆಯನ್ನೇ ಕೇಳಿದರೆ, "ನಾನೆಲ್ಲೋ ಓಡಿಸಿದೆ? ಅದೇ ಓಡ್ತು" ಎನ್ನುತ್ತಾರೆ. ಪೊರೆಗಣ್ಣಿನವರು ಪೇಟೆಯ ಜನಜಂಗುಳಿಯಲ್ಲಿ ಓಡಿಸಿದರು ಎಂಬುದನ್ನು ನಾನು ಒಪ್ಪಲಾರೆ. ನಾನು ಕಂಡ ಹಸಿರು ಸೀರೆಯನ್ನೂ ಪೂರ್ತಿ ನಂಬಲಾರೆ, ಏಕೆಂದರೆ ಹಾಗೆ ಕಾಣಲಿ ಎಂದು ನಾನೇ ಬಯಸಿದ್ದೆ.

ಅದಕ್ಕೇ ವರ್ಕ್‌ಶಾಪಿನಿಂದ ನೇರವಾಗಿ ಪೇಟೆಗೆ ನಡೆದೆ. ಈ ವಿಷಯದಲ್ಲಿ ನಮ್ಮವರನ್ನು ಮೆಚ್ಚಿಸಬೇಕಾದ ದರ್ದಿಲ್ಲದವನು ಒಬ್ಬನೇ, ಲಾರಿ ಕಳೆದುಕೊಂಡ ಮುನಿಸ್ವಾಮಪ್ಪ. ಈಗ ಅವನಿಗೆ ಬೇರೆ ಲಾರಿಯಿದೆ. ಗಲ್ಲಾದ ಮೇಲೆ ಕೂತು ಈರುಳ್ಳಿ ತೂಗಿಸುತ್ತಿದ್ದವನು ನನ್ನ ಪ್ರಶ್ನೆ ಕೇಳಿ ತಕ್ಕಡಿಯನ್ನೇ ನಿಲ್ಲಿಸಿದ.

"ಅದ್ನ ಮರೆಯೋಕಾಗ್ತದಾ ಬುದ್ಧಿ? ಇಲ್ಲೇ, ಈ ಬಾಗ್ಲಲ್ಲೇ ತಂದು ನಿಲ್ಸಿದ್ರು. ಮಂಡಿ ತುಂಬ ಹೊಗೆ. ಯಜಮಾನ್ರು ಪಕ್ಕದಲ್ಲಿ ಕೈಕಟ್ಕೊಂಡ್ ಕೂತಿದ್ರು. ಇಳಿದ್ ಬನ್ನಿ ಅಮ್ನೋರೇ, ತಾಂಬೂಲ ಕೊಡ್ತೀನಿ ಅಂದೆ. ಇಳಿಯೋ ಹಂಗಿಲ್ಲ ಮುನಿಸ್ವಾಮಪ್ಪ, ಕಾಲು ತೆಗೆದ್ರೆ ನಿಂತೋಗುತ್ತೆ, ಇಲ್ಲೇ ಕೊಡು ಅಂದ್ರು. ಚಕ್ರದ ಮೇಲಿಂದ ಒಂದ್ ಕೈ ಮಾತ್ರ ತೆಗೆದು ತಗೊಂಡ್ರು."

ಸೀರೆಯ ಬಣ್ಣ ಅವನಿಗೆ ನೆನಪಿಲ್ಲ. ಆ ಸಂಜೆ ಶಂಕರಪುರದಿಂದ ಪೇಟೆಯವರೆಗೆ ಮೂರೇ ಕಾಯಿಲಿನಲ್ಲಿ ಆ ಕಾರನ್ನು ಓಡಿಸಿದವರು ಮಾತ್ರ ನನ್ನ ಅತ್ತೆ.