ವಾಯಿಮ್ ಕಾಣದ ಕಡಲು

ವಿಲ್ಹೆಲ್ಮ್ ಬೆಟ್ಟದ ಕೆಳಗಣ ಸರೋವರದ ದಂಡೆಯಲ್ಲಿದ್ದ ತಂಗುಮನೆಯನ್ನು ನೋಡಿಕೊಳ್ಳುತ್ತಿದ್ದವಳು ಅಪೊಲೋನಿಯ. ಇರುಳಲ್ಲಿ ಹತ್ತಿ ಸೂರ್ಯ ಹುಟ್ಟುವಾಗ ತುದಿಯಲ್ಲಿರಬೇಕೆಂದು ಬಂದವರು ಯಾರೇ ಆಗಲಿ, ಸಂಜೆ ಅವಳ ಒಲೆಯ ಮುಂದೆ ಚೀಲ ಸುರಿದು ತೋರಿಸಲೇಬೇಕು. ಟಾರ್ಚನ್ನು ಹೊತ್ತಿಸಿ ಆರಿಸಿ ನೋಡುವಳು. ಬೇರೆ ಬ್ಯಾಟರಿ ಎಲ್ಲಿ, ಮಳೆಯಂಗಿ ಎಲ್ಲಿ, ಬೆವರಿದ ಮೇಲೆ ಬದಲಿಸಲು ಒಣಬಟ್ಟೆ ಎಲ್ಲಿ ಎಂದು ಕೇಳುವಳು. ಬೆಳಕಿರುವಾಗಲೇ ಮೇಲಿನ ಸರೋವರದವರೆಗೆ ನಡೆಸಿ ದಾರಿ ತೋರಿಸಿಕೊಂಡು ಬರುವಂತೆ ಮಾರ್ಗದರ್ಶಿ ಸಿವಿಗೆ ಹೇಳುವಳು. ಆಮೇಲೆ ಸುಟ್ಟ ಗೆಣಸು ತಿನ್ನಿಸಿ ಬೇಗ ಮಲಗಿಸುವಳು.

"ನಿಧಾನಕ್ಕೆ ನಡೆಯೋರು ಮುಂದೆ ಇರ್ಲಿ. ತಲೆ ಸಿಡಿತಾ ಇದೆ ಅಂದ್ರೆ ಇಳಿದುಬಿಡಿ. ಬೆಟ್ಟ ಎಲ್ಲೂ ಓಡಿ ಹೋಗಲ್ಲ," ಎನ್ನುವಳು. ಊರವರು ಅವಳಿಗೆ ಪೊಲೀಸಮ್ಮ ಎಂದು ಹೆಸರಿಟ್ಟಿದ್ದರು.

ಅವಳು ಹುಟ್ಟಿನಿಂದ ಹಾಗಿದ್ದವಳಲ್ಲ. ಅಣ್ಣ ಕುಮುಗಲ್ ಒಂದು ರಾತ್ರಿ ತೆಳು ಅಂಗಿಯಲ್ಲೇ ಯಾರನ್ನೋ ಕರೆದುಕೊಂಡು ಹತ್ತಿದ್ದ. ನಡುದಾರಿಯಲ್ಲಿ ಇದ್ದೊಂದು ಟಾರ್ಚೂ ಕೈಕೊಟ್ಟಿತು, ಮಳೆ ಹಿಡಿಯಿತು. ಜೊತೆಗಿದ್ದವನು ಹೇಗೋ ಉಳಿದ. ಅಣ್ಣ ಬಂಡೆಯ ಮರೆಯಲ್ಲಿ ಸೆಟೆದು ಸಿಕ್ಕಿದ.

ಅಪೊಲೋನಿಯಳ ಗಂಡ ವಾಯಿಮ್ ಬಂದವರ ಸಾಮಾನನ್ನು ತಂಗುಮನೆಯವರೆಗೆ ಹೊರುತ್ತಿದ್ದ. ಅಲ್ಲಿಂದ ಮೇಲಕ್ಕೆ ಹೋದವನಲ್ಲ. ಆಕಾಶ ತಿಳಿಯಾಗಿದ್ದ ಬೆಳಿಗ್ಗೆ ತುದಿಯಿಂದ ಕಡಲು ಕಾಣುತ್ತದೆ ಎಂದು ಇಳಿದು ಬಂದವರು ಹೇಳುವುದನ್ನು ಕೇಳಿ ಕೇಳಿ ಅವನಿಗೂ ಅದೇ ಆಸೆ ಹತ್ತಿತು. ಕಡಲನ್ನು ಅವನು ಕಂಡೇ ಇರಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಕೇಳುವನು. ಪ್ರತಿ ಬೇಸಿಗೆಯಲ್ಲೂ ಅವಳಲ್ಲಿ ಒಂದು ಕಾರಣ ಇರುತ್ತಿತ್ತು. ನಿನ್ನ ಬೂಟು ಸವೆದಿದೆ. ನಿನಗೆ ಕೆಮ್ಮಿದೆ. ಹೆಂಡತಿಯ ಕಣ್ಣುತಪ್ಪಿಸಿ ಹೋಗಲು ಅವನಿಗೆ ಮನಸ್ಸು ಬರಲಿಲ್ಲ. ಭಾವನನ್ನು ಹೊತ್ತು ತಂದ ದಿನ ಅವಳ ಮುಖ ಹೇಗಿತ್ತೆಂದು ಅವನಿಗೆ ಗೊತ್ತಿತ್ತು.

ಒಂದು ವರ್ಷ ಎಲ್ಲವೂ ಕೂಡಿಬಂತು. ಗಟ್ಟಿ ಬೂಟು, ಉಣ್ಣೆಯ ಟೋಪಿ, ಹೊಸ ಟಾರ್ಚು ಹೊಂದಿಸಿಕೊಂಡು ವಾಯಿಮ್ ಎಲ್ಲರಂತೆ ಅವಳ ಮುಂದೆ ಚೀಲ ಸುರಿದ. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ.

"ನೋಡ್ಕೊಳ್ಳಿ ಪೊಲೀಸಮ್ಮ," ಎಂದು ನಕ್ಕ.

ಅವಳು ಒಂದೊಂದನ್ನೂ ತಿರುವಿ ನೋಡಿದಳು. ಕೊನೆಗೆ ಮಳೆಯಂಗಿಯ ತೋಳನ್ನು ಎತ್ತಿ ಹಿಡಿದಳು. "ಹೊಲಿಗೆ ಬಿಟ್ಟಿದೆ."

"ಲೇ, ಬೆರಳು ತೂರದಷ್ಟು ತೂತು ಅದು!"

"ನೀರು ತೂರುತ್ತಲ್ಲ. ಮುಂದಿನ ವರ್ಷ ಹೋಗುವಿಯಂತೆ."

"ನಾನಿರ್ತೀನಲ್ಲಕ್ಕಾ, ಜೋಪಾನವಾಗಿ ಕರ್ಕೊಂಡು ಬರ್ತೀನಿ," ಎಂದ ಸಿವಿ.

"ನನ್ನ ಅಣ್ಣನೂ ಹೀಗೇ ಅಂದಿದ್ದ."

ವಾಯಿಮ್ ಸಾಮಾನನ್ನೆಲ್ಲ ಮರಳಿ ಚೀಲಕ್ಕೆ ತುಂಬಿ ಮೂಲೆಗಿಟ್ಟ. ಒಲೆಯ ಬಳಿಯೇ ಸೂಜಿದಾರವಿತ್ತು, ಹೊಲಿದುಕೊಡಬಹುದಿತ್ತು. ಅದು ಅವಳಿಗೆ ಆಗಲೂ ಗೊತ್ತಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ವಾಯಿಮ್ ಹಾದಿಯಲ್ಲಿ ಎಡವತೊಡಗಿದ್ದ. ಪಟ್ಟಣದ ಡಾಕ್ಟರು ನೋಡಿ, ಕಣ್ಣಿನ ನರ ಸತ್ತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದುಬಿಟ್ಟರು. ಕೆಲವೇ ತಿಂಗಳಲ್ಲಿ ಅವನಿಗೆ ಒಲೆಯ ಬೆಂಕಿಯೂ ಕಾಣದಾಯಿತು.

"ಈಗ್ಲಾದ್ರೂ ಕಳಿಸೇ," ಎಂದ ಒಂದು ಸಂಜೆ. "ನಂಗೆ ಟಾರ್ಚಿನ ಖರ್ಚೂ ಇಲ್ಲ."

ಕೂತಿದ್ದವರು ನಕ್ಕರು. ಅಪೊಲೋನಿಯ ಹೊರಗೆದ್ದು ಹೋದಳು. ಅವಳು ಮರಳಿ ಬಂದಾಗ ವಾಯಿಮ್ ಮೆಲ್ಲಗೆ ಅಂದ, "ನೀನೇ ಹೋಗಿ ನೋಡ್ಕೊಂಡು ಬಾ. ಬಂದು ನಂಗೆ ಹೇಳು."

ಅಣ್ಣ ಸತ್ತ ಮೇಲೆ ಅವಳೂ ಆ ದಾರಿ ತುಳಿದಿರಲಿಲ್ಲ. ಮುಂದಿನ ಬೇಸಿಗೆ ಬಂದಾಗ ಸಿವಿಯ ಜೊತೆ ಹೊರಟಳು. ಅಣ್ಣ ಸಿಕ್ಕಿದ್ದ ಬಂಡೆ ದಾಟುವಾಗ ಸಿವಿಯ ಬೆನ್ನಿನ ಚೀಲವನ್ನು ಹಿಡಿದುಕೊಂಡೇ ನಡೆದಳು. ದಾರಿ ಕಷ್ಟದ್ದೇ. ಆದರೆ ವಾಯಿಮ್ ಹತ್ತಲಾರದ ದಾರಿಯಾಗಿರಲಿಲ್ಲ. ಹೆಜ್ಜೆ ಹೆಜ್ಜೆಗೂ ಅವಳಿಗೆ ಅದು ಚುಚ್ಚುತ್ತಿತ್ತು. ಬೆಳಗಾದಾಗ ಬೆಟ್ಟಸಾಲುಗಳ ಆಚೆ ಕಡಲು ಕಂಡಿತು.

ಇಳಿದು ಬಂದವಳು ಬೂಟನ್ನೂ ಬಿಚ್ಚದೆ ಗಂಡನ ಪಕ್ಕದಲ್ಲಿ ಕೂತಳು.

"ಕಾಣಿಸ್ತಾ?"

"ಕಾಣಿಸ್ತು."

"ಹೇಗಿತ್ತು?"

"ದೂರದಲ್ಲಿ... ಬೆಳ್ಳಗೆ ಒಂದು ಗೆರೆ ಇದ್ದಂಗೆ. ಆಮೇಲೆ ಹೊಳೀತು."

"ಅಲೆ?"

"ಅಷ್ಟು ದೂರಕ್ಕೆ ಅಲೆ ಎಲ್ಲಿ ಕಾಣುತ್ತೆ?"

ಇನ್ನೂ ಏನಾದರೂ ಹೇಳುತ್ತಾಳೆಂದು ಅವನು ಕಾದ. ಆಮೇಲೆ ಕೈಯಲ್ಲಿದ್ದ ಗೆಣಸನ್ನು ಮುರಿದು ಅರ್ಧ ಅವಳ ಕಡೆ ಚಾಚಿದ.

"ಹೋಗ್ಲಿ ಬಿಡು. ನೀನಾದ್ರೂ ನೋಡಿದೆಯಲ್ಲ."

ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು.