ಮೇಷ್ಟ್ರು ಬರೆದ ಪೇಟಗಳು

ಕಳೆದ ತಿಂಗಳು ಚಾಮರಾಜಪೇಟೆಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಬೀರುವಿನ ಹಿಂದಿನಿಂದ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಕೆಳಗೆ ಬಿತ್ತು. ಹಾಳೆಯ ತುಂಬ ಸಣ್ಣ ಸಣ್ಣ ಚೌಕಗಳು. ಪ್ರತಿ ಚೌಕದಲ್ಲೂ ಒಂದು ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಒಂದು ಕಿರೀಟ ಅಥವಾ ಪೇಟ. “ಬಿಸಾಕ್ಲಾ ಮೇಡಂ?” ಎಂದ ಪೇಂಟರ್. ನಾನು ಅದನ್ನು ಅವನ ಕೈಯಿಂದ ಬಹುತೇಕ ಕಿತ್ತುಕೊಂಡೆ. ಆಮೇಲೆ ಮಂಚದ ಮೇಲೆ ಕೂತವಳು ಎಷ್ಟೋ ಹೊತ್ತು ಏಳಲಿಲ್ಲ…

ಹದಿನೈದು ಹದಿನಾರು ವರ್ಷಗಳ ಹಿಂದಿನ ಮಾತು. ಆಗ ನಾನು ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಾರ್ಡುಗಳನ್ನು ಜೋಡಿಸುತ್ತಿದ್ದೆ. ಚಿತ್ರ ಬರೆದುಕೊಡಲು ಅಲ್ಲಿಗೆ ಒಬ್ಬರು ಮೇಷ್ಟ್ರು ಬರುತ್ತಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಸರಿಯಾಗಿ ಹನ್ನೊಂದು ಗಂಟೆಗೆ ಬಂದು, ಚಪ್ಪಲಿಯನ್ನು ಮೆಟ್ಟಿಲ ಪಕ್ಕ ಜೋಡಿಸಿಟ್ಟು, ನನ್ನ ಬಲಗಡೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮಾತು ಕಡಿಮೆ.

ಅವರಿಗೆ ರಾಜರ ತಲೆಯ ಮೇಲಿದ್ದದ್ದರ ಹುಚ್ಚು. ಮೈಸೂರು ಪೇಟ, ದಿವಾನರ ರುಮಾಲು, ಕೊಡಗಿನ ಚಪ್ಪಟೆ ಪೇಟ, ವಿಜಯನಗರದ ಅರಸರ ಉದ್ದನೆಯ ಕುಲಾವಿ, ಸುಲ್ತಾನರ ಮುಂಡಾಸು, ಇಂಗ್ಲಿಷ್ ಪ್ರಭುಗಳ ಮುತ್ತಿನ ಕಿರೀಟ… ಎಲ್ಲವನ್ನೂ ಕಪ್ಪು ಶಾಯಿಯಲ್ಲಿ ಬರೆದರು. ಒಂದೊಂದಕ್ಕೂ ನಾಲ್ಕೈದು ದಿನ. ನಾನು ಅವನ್ನು ಸ್ಕ್ಯಾನ್ ಮಾಡಿ, ಗೆರೆ ತಿದ್ದಿ, ಒಂದೊಂದು ಕೀಗೆ ಒಂದೊಂದರಂತೆ ಕೂರಿಸಿ ಫಾಂಟ್ ಮಾಡಿದೆ. ಎಮ್ ಒತ್ತಿದರೆ ಸಾದಾ ಮೈಸೂರು ಪೇಟ, ಶಿಫ್ಟ್ ಹಿಡಿದು ಒತ್ತಿದರೆ ತುರಾಯಿ ಇರುವ ಅರಸರ ಪೇಟ. ಮೊದಲ ಸಲ ಅದು ಪರದೆಯ ಮೇಲೆ ಮೂಡಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇನ್ನೊಂದ್ಸಲ ಒತ್ತಮ್ಮಾ” ಎಂದರು. ಒತ್ತಿದೆ. “ಇನ್ನೊಂದ್ಸಲ.”

ವರನ ಹೆಸರಿನ ಮೇಲೆ ಪೇಟ, ವಧುವಿನ ಹೆಸರಿನ ಮೇಲೆ ರಾಣಿಯ ಕಿರೀಟ. ಒಂದೇ ಸೀಸನ್ನಿನಲ್ಲಿ ನಮ್ಮ ಕಾರ್ಡುಗಳು ಬೀದಿಗೆಲ್ಲ ಗೊತ್ತಾದವು. ಯಾವ ಕೀಗೆ ಯಾವ ಪೇಟ ಎಂದು ತೋರಿಸಲು ನಾನು ಮಾಡಿದ್ದು ಆ ಲ್ಯಾಮಿನೇಟ್ ಹಾಳೆ; ಗಿರಾಕಿಗಳು ಬಂದು ಅದನ್ನೇ ಕೇಳಿ, ಬೆರಳಿಟ್ಟು ಆರಿಸುತ್ತಿದ್ದರು.

ಆ ಮಾಘದಲ್ಲಿ ವೈಯಾಲಿಕಾವಲ್ ಕಡೆಯಿಂದ ಒಬ್ಬರು ಹಿರಿಯರು ಬಂದರು. ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಮಗನ ಮದುವೆ. ಗಣೇಶನ ಬದಲು ಕಾರ್ಡಿನ ಮೇಲ್ಭಾಗದಲ್ಲಿ ಬುದ್ಧನಿರಲಿ ಎಂದರು. ಹಾಳೆಯನ್ನು ಬಹಳ ಹೊತ್ತು ನೋಡಿ ತುರಾಯಿಯ ಪೇಟದ ಮೇಲೆ ಬೆರಳಿಟ್ಟರು. ಮೇಷ್ಟ್ರು ಸುಮ್ಮನೆ, “ಒಳ್ಳೇ ಆಯ್ಕೆ ಸಾರ್” ಎಂದರು. ಅದಕ್ಕೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. “ನಮ್ಮಪ್ಪ ಊರಲ್ಲಿ ದೊಡ್ಡೋರ ಬೀದಿ ಹಾದು ಹೋಗ್ಬೇಕಾದ್ರೆ ತಲೆಗೆ ಸುತ್ತಿದ ಟವಲ್ ಬಿಚ್ಚಿ ಕಂಕುಳಲ್ಲಿ ಇಟ್ಕೋಬೇಕಿತ್ತು ಸಾರ್. ನಾನು ಚಿಕ್ಕೋನು, ಕೈ ಹಿಡ್ಕೊಂಡು ಜೊತೇಲಿರ್ತಿದ್ದೆ. ಅದಕ್ಕೇ ಇದು ಇರ್ಲಿ.”

ಅವರ ಕಾರ್ಡಿನ ಪ್ರೂಫ್ ತೆಗೆದು ಮೇಜಿನ ಮೇಲಿಟ್ಟಿದ್ದೆ. ಮಾರನೆಯ ದಿನ ಅಂಗಡಿಯ ಹಳೆಯ ಗಿರಾಕಿಯೊಬ್ಬರು ಬಂದವರು ಅದನ್ನು ಎತ್ತಿಕೊಂಡು ಓದಿದರು. ದೊಡ್ಡ ಕುಳ. ಅವರ ಮನೆಯ ಎರಡು ಮದುವೆಗಳ ಕಾರ್ಡಿನಲ್ಲಿ ಅದೇ ಪೇಟ ಬಂದಿತ್ತು. ಹೆಸರು, ಬುದ್ಧನ ಚಿತ್ರ, ಪೇಟ, ಮತ್ತೆ ಹೆಸರು… ಅವರ ಕಣ್ಣು ಓಡಾಡಿದ್ದು ನನಗೆ ಕಾಣಿಸಿತು. “ಇವರಿಗೂ ಇದೇನಾ?” ಎಂದು ಕೇಳಿ, ಪ್ರೂಫನ್ನು ಮೇಜಿನ ಮೇಲೆ ಎಸೆದು, ನಮ್ಮ ಯಜಮಾನರನ್ನು ಬಾಗಿಲಾಚೆ ಕರೆದುಕೊಂಡು ಹೋದರು.

ಯಜಮಾನರು ಒಳಗೆ ಬಂದಾಗ ನನ್ನ ಮುಖ ನೋಡಲಿಲ್ಲ. “ಆ ಪೇಟ ತೆಗ್ದು ಕಳಶ ಹಾಕ್ಬಿಡಮ್ಮ. ಅವರು ನಾಲ್ಕು ಗಂಟೆಗೆ ಸಹಿ ಹಾಕಕ್ಕೆ ಬರ್ತಾರೆ. ಕೇಳಿದ್ರೆ ಕಂಪ್ಯೂಟರ್ ತೊಂದರೆ ಅನ್ನು” ಎಂದರು.

ನಾನು ಹಾಕಿಬಿಟ್ಟೆ. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು, ನನ್ನ ಕೆಲಸವೇ ಆಸರೆಯಾಗಿತ್ತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಗಳಿಗೆಯಲ್ಲಿ ಅಪ್ಪನ ನೆನಪೂ ಬಂದಿರಲಿಲ್ಲ. ಹೇಳಿದರು, ಮಾಡಿದೆ, ಅಷ್ಟೇ.

ಮೇಷ್ಟ್ರು ಊಟ ಮುಗಿಸಿ ಬಂದು ಹೊಸ ಪ್ರೂಫ್ ನೋಡಿದರು. “ಯಾರಮ್ಮ ತೆಗೆದಿದ್ದು?”

“ನಾನೇ ಮೇಷ್ಟ್ರೇ. ಯಜಮಾನರು ಹೇಳಿದ್ರು.”

ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತರು. ಬ್ರಷ್ ಮುಟ್ಟಲಿಲ್ಲ. ಎರಡು ಗಂಟೆಗಳ ಕಾಲ ಪಕ್ಕದಲ್ಲಿ ಅವರ ಉಸಿರು ಕೇಳುತ್ತಾ ನಾನು ಯಾವುದೋ ನಾಮಕರಣದ ಕಾರ್ಡಿನಲ್ಲಿ ಒಂದೇ ಸಾಲನ್ನು ಮೂರು ಸಲ ತಪ್ಪು ಹೊಡೆದೆ.

ನಾಲ್ಕು ಗಂಟೆಗೆ ಹಿರಿಯರು ಮಗನೊಂದಿಗೆ ಬಂದರು. ಪ್ರೂಫ್ ಕೈಗೆ ತೆಗೆದುಕೊಂಡು, ಮೇಲಿನಿಂದ ಓದುತ್ತಾ ಬಂದು, ಕಳಶದ ಹತ್ತಿರ ನಿಂತರು. ನಾನು ಕಂಪ್ಯೂಟರ್ ತೊಂದರೆ ಎನ್ನಬೇಕಿತ್ತು. ಕೀಬೋರ್ಡಿನ ಮೇಲಿನ ಧೂಳು ಒರೆಸತೊಡಗಿದೆ. ಅವರು ಯಜಮಾನರನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಅರ್ಥವಾಗಿತ್ತು. ಮಗ ಏನೋ ಕೇಳಲು ಹೊರಟ. ಅವನ ತೋಳು ಹಿಡಿದು, “ಇರ್ಲಿ ಬಿಡಪ್ಪ” ಎಂದು ಜೇಬಿನಿಂದ ಪೆನ್ನು ತೆಗೆದರು.

“ಸಹಿ ಹಾಕ್ಬೇಡಿ ಸಾರ್.” ಮೇಷ್ಟ್ರು ಎದ್ದು ನಿಂತಿದ್ದರು. ದನಿ ಏರಿರಲಿಲ್ಲ. ಯಜಮಾನರ ಕಡೆ ತಿರುಗಿ, “ಚಿತ್ರ ನನ್ನವು. ನಿಮಗೆ ಮಾರಿಲ್ಲ, ಬಳಸ್ಕೊಳ್ಳಿ ಅಂತ ಕೊಟ್ಟಿದೀನಿ. ಇವರಿಗೆ ಪೇಟ ಇಲ್ಲ ಅಂದ್ರೆ ಇನ್ಮೇಲೆ ಈ ಅಂಗಡೀಲಿ ಯಾರಿಗೂ ಇಲ್ಲ” ಎಂದರು. ಆಮೇಲೆ ನನಗೆ: “ವಾಪಸ್ ಹಾಕಮ್ಮ.”

“ಅವಳು ಕೈ ಹಾಕಿದ್ರೆ ನಾಳೆಯಿಂದ ಬರೋದು ಬೇಡ” ಎಂದರು ಯಜಮಾನರು.

ಹಿರಿಯರು ಗಾಬರಿಯಿಂದ, “ಬೇಡಮ್ಮ, ನಮ್ಮಿಂದ ನಿನ್ನ ಕೆಲ್ಸ ಹೋಗೋದು ಬೇಡ” ಎಂದರು. ಆ ಮಾತಿಗೋ ಏನೋ… ನಾನು ಕಳಶ ಅಳಿಸಿದೆ. ಶಿಫ್ಟ್ ಹಿಡಿದು ಎಮ್ ಒತ್ತಿದೆ. ಪ್ರಿಂಟರ್ ಹಾಳೆಯನ್ನು ಹೊರಗೆ ತಳ್ಳಿತು. ಹಿರಿಯರು ಅದನ್ನು ಮತ್ತೆ ಮೇಲಿನಿಂದ ಕೆಳಗಿನವರೆಗೆ ಓದಿ, ನಿಧಾನವಾಗಿ ಸಹಿ ಹಾಕಿದರು.

ನನ್ನ ಕೆಲಸ ಹೋಗಲಿಲ್ಲ. ಆ ಫಾಂಟೂ ಅದನ್ನು ಬಳಸಲು ನಾನೂ ಇಲ್ಲದೆ ಆ ಸೀಸನ್ ನಡೆಯುವುದಿಲ್ಲವೆಂದು ಯಜಮಾನರಿಗೆ ಗೊತ್ತಿತ್ತು. ಕಾರ್ಡು ಅಚ್ಚಾಯಿತು. ಹಿರಿಯರು ಅದನ್ನು ತಂದು ಮೇಷ್ಟ್ರಿಗೂ ನನಗೂ ಅರಿಶಿನ ಕುಂಕುಮ ಹಚ್ಚಿದ ಕವರಿನಲ್ಲಿ ಕೊಟ್ಟು, “ಖಂಡಿತ ಬರ್ಬೇಕು” ಎಂದರು. ಅಷ್ಟರಲ್ಲಿ ದೊಡ್ಡ ಕುಳದ ಗಿರಾಕಿ ಬೇರೆ ಅಂಗಡಿಗೆ ಹೋಗಿದ್ದರು. ಯಜಮಾನರು ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದರು. ಸೀಸನ್ ಮುಗಿದ ಮೇಲೆ ಒಂದು ಸೋಮವಾರ ನಾನು ಬಂದಾಗ ಆ ಸ್ಟೂಲ್ ಇರಲಿಲ್ಲ. ಅದರ ಜಾಗದಲ್ಲಿ ಕಾರ್ಡಿನ ಡಬ್ಬಗಳನ್ನು ಪೇರಿಸಿದ್ದರು. ಹನ್ನೊಂದಕ್ಕೆ ಮೇಷ್ಟ್ರು ಬಂದು ಬಾಗಿಲಲ್ಲೇ ನಿಂತು ನೋಡಿದರು. ನನ್ನ ಕುರ್ಚಿ ಬಿಟ್ಟುಕೊಡಬಹುದಿತ್ತು. “ಬನ್ನಿ ಮೇಷ್ಟ್ರೇ” ಎನ್ನಬಹುದಿತ್ತು. ನಾನು ಪರದೆ ನೋಡುತ್ತಾ ಕೂತೆ. ಮತ್ತೆ ತಲೆ ಎತ್ತಿದಾಗ ಬಾಗಿಲು ಖಾಲಿಯಿತ್ತು.

ಆಮೇಲೆ ಆರು ವರ್ಷ ಅಲ್ಲೇ ದುಡಿದೆ; ಬಿಡುವಾಗ ಆ ಹಾಳೆಯನ್ನು ಮನೆಗೆ ತಂದೆ. ಮೇಷ್ಟ್ರ ಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಒಂದು ದಿನವೂ ಹೋಗಲಿಲ್ಲ.

ಹೋದ ಭಾನುವಾರ ಹೋದೆ. ಬಾಗಿಲು ತೆರೆದದ್ದು ಅವರ ಮಗಳು. ಮೇಷ್ಟ್ರು ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಕಾರ್ಡ್ ಅಂಗಡಿಯ ಸುದ್ದಿಯೇ ಆಕೆಗೆ ಗೊತ್ತಿರಲಿಲ್ಲ. “ಅಪ್ಪ ಲೈಬ್ರರಿಗೆ ಹೋಗ್ತೀನಿ ಅಂತಿದ್ರು. ಕಾಲಲ್ಲಿ ಶಕ್ತಿ ಇರೋವರೆಗೂ ದಿನಾ ಹೊರಡ್ತಿದ್ರು” ಎಂದರು. ನಮ್ಮಲ್ಲಿಗೆ ಬರುವುದು ನಿಂತ ಮೇಲೂ ಅಷ್ಟು ವರ್ಷ ಅವರು ಎಲ್ಲಿಗೆ ಹೋಗುತ್ತಿದ್ದರೋ…

ನಾನು ಎಲ್ಲವನ್ನೂ ಹೇಳಿದೆ. ಪೇಟ ತೆಗೆದದ್ದು, ಬಾಗಿಲಲ್ಲಿ ಅವರು ನಿಂತಾಗ ಸುಮ್ಮನೆ ಕೂತದ್ದು, ಏನನ್ನೂ ಬಿಡದೆ. ಆಕೆ ಪೂರ್ತಿ ಕೇಳಿಸಿಕೊಂಡು ಕೇಳಿದರು: “ಆ ಮದುವೆಗೆ ಅಪ್ಪ ಹೋಗಿದ್ರಾ?”

ಗೊತ್ತಿಲ್ಲ ಎಂದೆ. ನಾನು ಹೋಗಿರಲಿಲ್ಲ.